ಶಿರಸಿ ಪೇಟೆಯಲ್ಲಿ ತಂಗಿ ಸುತ್ತಲ ಮಲೆನಾಡನ್ನು ನೋಡುವ ಬಗೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಹಳ್ಳಿಗಳಲ್ಲಿ ಯಾರಾದರೂ ‘ಪೇಟೆಗೆ ಹೋಗಿ ಬರುತ್ತೇನೆ’ ಎಂದರೆ, ಯಾವ ಪೇಟೆ ಎಂದು ಕೇಳುವವರು ಕಡಿಮೆ. ಅಡಿಕೆ ಮಾರಲು, ಆಸ್ಪತ್ರೆಗೆ, ಮದುವೆಯ ಜವಳಿಗೆ, ಮಕ್ಕಳ ಕಾಲೇಜಿಗೆ ಅವರೆಲ್ಲ ಬರುವುದು ಶಿರಸಿಗೆ. ಹೊರಗಿನಿಂದ ಬರುವ ಪ್ರವಾಸಿಗರಾದರೋ ಈ ಊರನ್ನು ಜೋಗಕ್ಕೋ ಯಾಣಕ್ಕೋ ಹೋಗುವ ದಾರಿಯಲ್ಲಿ ಚಹಾ ಕುಡಿಯುವ ನಿಲ್ದಾಣವನ್ನಾಗಿ ಮಾಡಿಕೊಂಡಿದ್ದಾರೆ. ಬೆಳಿಗ್ಗೆ ಒಂದು ಜಲಪಾತ, ಮಧ್ಯಾಹ್ನ ಒಂದು ಬಂಡೆ, ಸಂಜೆ ಒಂದು ಗುಡಿ ನೋಡಿ, ರಾತ್ರಿಯೇ ಬೆಂಗಳೂರಿನ ಬಸ್ಸು ಹಿಡಿಯುವ ಆ ಓಟದಲ್ಲಿ ಮಲೆನಾಡಿನ ಹೊರಮೈ ಮಾತ್ರ ಕಣ್ಣಿಗೆ ಬೀಳುತ್ತದೆ. ಕನಿಷ್ಠ ನಾಲ್ಕು ರಾತ್ರಿ ಶಿರಸಿಯಲ್ಲೇ ತಂಗಿ, ಮೊದಲ ದಿನವನ್ನು ಪೇಟೆಗೆ ಕೊಟ್ಟು, ಉಳಿದ ದಿನಗಳಲ್ಲಿ ದಿನಕ್ಕೊಂದು ದಿಕ್ಕಿನಂತೆ ಹಳ್ಳಿಗಾಡಿಗೆ ಹೋಗಿ ಬರುವುದು ನಾನು ಎಲ್ಲರಿಗೂ ಹೇಳುವ ಕ್ರಮ. ಪೇಟೆಯನ್ನು ಮೊದಲು ಅರಿತವರಿಗೆ ತೋಟ, ಬೆಟ್ಟ, ಹಳ್ಳ, ಮಠ ಎಲ್ಲವೂ ಒಂದೇ ಬದುಕಿನ ಭಾಗಗಳಾಗಿ ಕಾಣತೊಡಗುತ್ತವೆ.

ಬೆಂಗಳೂರಿನಿಂದ ಶಿರಸಿಗೆ 400 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ದೂರವಿದ್ದು, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ಹುಬ್ಬಳ್ಳಿಯಿಂದ ಸುಮಾರು 100 ಕಿ.ಮೀ., ಹಾವೇರಿಯಿಂದ ಸುಮಾರು 75 ಕಿ.ಮೀ., ಕರಾವಳಿಯ ಕುಮಟಾದಿಂದ ಸುಮಾರು 60 ಕಿ.ಮೀ. ದೂರವಿದೆ. ಊರಿಗೆ ರೈಲು ಇಲ್ಲ. ರೈಲಿನಲ್ಲೇ ಬರಬೇಕೆನ್ನುವವರು ಹಾವೇರಿ, ಹುಬ್ಬಳ್ಳಿ, ಕುಮಟಾ ಅಥವಾ ಸಾಗರ ಪಟ್ಟಣದಾಚೆಯ ತಾಳಗುಪ್ಪದಲ್ಲಿ ಇಳಿದು ಬಸ್ಸು ಹಿಡಿಯಬೇಕು. ಕುಮಟಾದಿಂದ ಬರುವ ರಸ್ತೆ ದೇವಿಮನೆ ಘಟ್ಟವನ್ನು ಹತ್ತಿ ಬರುತ್ತದೆ. ನೋಡಲು ಬಹಳ ಚೆಂದದ ದಾರಿಯಾದರೂ ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯ ಅಲ್ಲಿ ಇದ್ದೇ ಇರುತ್ತದೆಯಾದ್ದರಿಂದ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ವಿಚಾರಿಸಿಯೇ ಆ ದಾರಿಗೆ ಇಳಿಯಿರಿ.

ಯಾವ ತಿಂಗಳಲ್ಲಿ ಬರಬೇಕೆಂಬುದು ನೀವು ಏನನ್ನು ನೋಡಬೇಕೆಂದಿದ್ದೀರಿ ಎಂಬುದನ್ನು ಅವಲಂಬಿಸಿದೆ. ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಮಳೆಗಾಲವೆಂದರೆ ಹಗಲಲ್ಲೂ ದೀಪ ಹಾಕಿಕೊಳ್ಳುವಂಥ ಮಳೆ. ಜಲಪಾತಗಳು ಆಗಲೇ ತುಂಬಿರುತ್ತವೆ, ಆದರೆ ಕೆಲವಕ್ಕೆ ಹತ್ತಿರ ಹೋಗುವ ದಾರಿಯೇ ಇರುವುದಿಲ್ಲ, ಹೋದರೂ ಮಂಜು ಮುಸುಕಿ ಬರೀ ಸದ್ದು ಕೇಳಿ ಮರಳಬೇಕಾದೀತು. ನನ್ನ ಮಟ್ಟಿಗೆ ಅಕ್ಟೋಬರ್ ಕೊನೆಯಿಂದ ಜನವರಿಯವರೆಗಿನ ಅವಧಿಯೇ ಉತ್ತಮ. ಹಳ್ಳಗಳಲ್ಲಿ ಇನ್ನೂ ನೀರಿರುತ್ತದೆ, ರಸ್ತೆಗಳು ಒಣಗಿರುತ್ತವೆ, ಬೆಳಗಿನ ಚಳಿ ಹಿತವಾಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅದು ಅಡಿಕೆ ಕೊಯ್ಲಿನ ಕಾಲ. ಫೆಬ್ರುವರಿ ಮಾರ್ಚ್ ತಿಂಗಳುಗಳಲ್ಲಿ ನೀರು ಇಳಿದಿರುತ್ತದೆಯಾದರೂ ಆಲೆಮನೆಯ ಕಬ್ಬಿನ ಹಾಲು ಸಿಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಬರುವವರು ಮದುವೆಗಳ ಗದ್ದಲಕ್ಕೆ ಲಾಡ್ಜುಗಳು ಭರ್ತಿಯಾಗುತ್ತವೆ ಎಂಬುದನ್ನು ನೆನಪಿಟ್ಟುಕೊಳ್ಳಲಿ.

ಇನ್ನೊಂದು ಲೆಕ್ಕವನ್ನೂ ಹಾಕಿಕೊಳ್ಳಬೇಕು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, 2022, 2024 ಹೀಗೆ ಸಮಸಂಖ್ಯೆಯ ವರ್ಷಗಳಲ್ಲಿ, ಫೆಬ್ರುವರಿ ಕೊನೆಯಿಂದ ಮಾರ್ಚ್ ತಿಂಗಳ ನಡುವೆ ಬರುತ್ತದೆ. ಆಗ ದೇವಿಯನ್ನು ರಥದಲ್ಲಿ ಪೇಟೆಯ ನಡುವಿನ ಬಿಡ್ಕಿಬೈಲಿನ ಗದ್ದುಗೆಗೆ ಕರೆತರುತ್ತಾರೆ. ಸುತ್ತಲ ಜಿಲ್ಲೆಗಳ ಜನರೆಲ್ಲ ಅಲ್ಲಿ ನೆರೆಯುತ್ತಾರೆ. ಜಾತ್ರೆಯನ್ನೇ ನೋಡಲು ಬರುವವರು ಬಹಳ ಮುಂಚಿತವಾಗಿ ಕೋಣೆ ಗೊತ್ತುಮಾಡಿಕೊಳ್ಳಬೇಕು. ಹಳ್ಳಿಗಾಡನ್ನು ನೋಡಲು ಬರುವವರು ಆ ವಾರವನ್ನು ತಪ್ಪಿಸುವುದು ಲೇಸು. ಜಾತ್ರೆ ಮುಗಿದ ಮೇಲೆ ಯುಗಾದಿಯಂದು ಪುನಃ ಪ್ರತಿಷ್ಠೆಯಾಗುವವರೆಗೆ ಗುಡಿಯಲ್ಲಿ ದೇವಿಯ ದರ್ಶನ ಇರುವುದಿಲ್ಲ ಎಂಬುದು ದೂರದಿಂದ ಬರುವ ಭಕ್ತರಿಗೆ ಎಷ್ಟೋ ಬಾರಿ ತಿಳಿದಿರುವುದಿಲ್ಲ. ಜಾತ್ರೆ ಇಲ್ಲದ ವರ್ಷಗಳಲ್ಲಿ ಹೋಳಿಯ ಮುಂಚಿನ ರಾತ್ರಿಗಳಲ್ಲಿ ಬೀದಿಗಿಳಿಯುವ ಬೇಡರ ವೇಷವನ್ನು ಅವಕಾಶವಿದ್ದರೆ ನೋಡಲೇಬೇಕು. ನವಿಲುಗರಿ ಕಟ್ಟಿ, ಕತ್ತಿ ಗುರಾಣಿ ಹಿಡಿದು, ತಮಟೆಯ ಬಡಿತಕ್ಕೆ ಬೇಡ ಕುಣಿಯುವಾಗ ಇಡೀ ಪೇಟೆ ನಿದ್ದೆಗೆಟ್ಟು ಎದ್ದು ಕೂತಿರುತ್ತದೆ.

ತಂಗುವುದಕ್ಕೆ ಎರಡು ದಾರಿಗಳಿವೆ: ಪೇಟೆಯೊಳಗಿನ ಲಾಡ್ಜು ಅಥವಾ ಹಳ್ಳಿಯ ತೋಟದ ಪಕ್ಕದ ಹೋಂಸ್ಟೇ. ಸ್ವಂತ ವಾಹನವಿಲ್ಲದವರು ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಕೋಣೆ ಹಿಡಿಯಲಿ. ಹೋಂಸ್ಟೇ ಬಯಸುವವರು ಮೊದಲ ಎರಡು ರಾತ್ರಿ ಪೇಟೆಯಲ್ಲಿದ್ದು, ಆಮೇಲೆ ತೋಟದ ಮನೆಗೆ ಹೋಗುವುದು ಒಳ್ಳೆಯದು. ಹೋಂಸ್ಟೇ ಗೊತ್ತುಮಾಡುವಾಗ ಮಣ್ಣುರಸ್ತೆ ಎಷ್ಟು ದೂರವಿದೆ, ಮೊಬೈಲ್ ಸಿಗ್ನಲ್ ಸಿಗುತ್ತದೆಯೇ, ರಾತ್ರಿಯ ಊಟ ಮನೆಯಲ್ಲೇ ಇದೆಯೇ ಎಂಬ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಿ.

ಮೊದಲ ದಿನ ಬೆಳಿಗ್ಗೆ ತಿಂಡಿ ಮುಗಿಸಿ ಅಡಿಕೆ ಮಾರುಕಟ್ಟೆಯ ಕಡೆ ಹೊರಡಿ. ಬೆಳೆಗಾರರೇ ಸೇರಿ 1923ರಲ್ಲಿ ಕಟ್ಟಿದ ತೋಟಗಾರರ ಸಹಕಾರಿ ಮಾರಾಟ ಸಂಘ, ಊರಿನವರ ಬಾಯಲ್ಲಿ ಟಿಎಸ್‌ಎಸ್, ಈ ವ್ಯವಹಾರದ ಬೆನ್ನೆಲುಬು. ಅಂಗಳದಲ್ಲಿ ರೈತರ ಮಾಲನ್ನು ಲಾಟುಗಳಾಗಿ ಇಟ್ಟಿರುತ್ತಾರೆ. ವ್ಯಾಪಾರಿಗಳು ಪ್ರತಿ ಲಾಟಿನಿಂದ ಒಂದು ಹಿಡಿ ಎತ್ತಿ, ಬಣ್ಣ ನೋಡಿ, ಕತ್ತರಿಸಿ ಒಳಗನ್ನು ಪರೀಕ್ಷಿಸಿ, ತಮ್ಮ ದರವನ್ನು ಗುಟ್ಟಾಗಿ ಬರೆದು ಟೆಂಡರ್ ಹಾಕುತ್ತಾರೆ. ಅದನ್ನು ತೆರೆದ ಮೇಲೆ ಹೆಚ್ಚು ದರ ಬರೆದವರಿಗೆ ಮಾಲು ಸಲ್ಲುತ್ತದೆ. ಯಾರೂ ಕೂಗಾಡುವುದಿಲ್ಲ. ವರ್ಷವಿಡೀ ದುಡಿದ ಮನೆಯೊಂದರ ಗಳಿಕೆ ಒಂದು ಚೀಟಿಯಲ್ಲಿ ತೀರ್ಮಾನವಾಗುವ ಆ ಮೌನವನ್ನು ಕಂಡಾಗಲೆಲ್ಲ ನನಗೆ ಗೌರವ ಹುಟ್ಟುತ್ತದೆ. ಅಲ್ಲಿ ನಿಂತು ನೋಡಲು ಯಾರೂ ಬೇಡವೆನ್ನುವುದಿಲ್ಲ, ಆದರೆ ದಾರಿಗೆ ಅಡ್ಡ ನಿಲ್ಲಬೇಡಿ, ಲಾಟಿಗೆ ಕೈಹಾಕಬೇಡಿ, ರೈತರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮೊದಲು ಕೇಳಿಕೊಳ್ಳಿ.

ಅಲ್ಲಿ ಕಿವಿಗೆ ಬೀಳುವ ಕೆಲವು ಹೆಸರುಗಳನ್ನು ಕಲಿತುಕೊಂಡರೆ ಮುಂದೆ ಹಳ್ಳಿಗಳಲ್ಲಿ ಕಾಣುವುದೆಲ್ಲ ಅರ್ಥವಾಗುತ್ತದೆ. ಹಸಿ ಅಡಿಕೆಯನ್ನು ಸುಲಿದು, ತೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿದ ಒಗರು ನೀರಿನಲ್ಲಿ, ಬೇಯಿಸಿ ಒಣಗಿಸಿದ್ದು ಕೆಂಪು ಬಣ್ಣದ ರಾಶಿ. ಪೂರ್ತಿ ಹಣ್ಣಾದ ಗೋಟನ್ನು ಸಿಪ್ಪೆಯ ಸಮೇತ ತಿಂಗಳಿಗೂ ಹೆಚ್ಚು ಕಾಲ ಬಿಸಿಲಲ್ಲಿ ಒಣಗಿಸಿ, ಆಮೇಲೆ ಸುಲಿದದ್ದು ಬಿಳಿಯ ಚಾಲಿ. ಇವಲ್ಲದೆ ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕಾ ಎಂಬ ತರಗಳೂ ಇವೆ. ಇಲ್ಲಿಯ ಅಡಿಕೆಗೆ 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಹೆಸರಿನಲ್ಲಿ ಭೌಗೋಳಿಕ ಗುರುತು ದೊರೆತಿದೆ. ಮರುದಿನ ಯಾವುದೋ ಹಳ್ಳಿಯ ಅಂಗಳದಲ್ಲಿ ಅಟ್ಟದ ಮೇಲೆ ಹರಡಿದ ಕೆಂಪು ರಾಶಿಯನ್ನೋ, ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಅಡಿಕೆ ಸುಲಿಯುವ ಹೆಂಗಸರನ್ನೋ, ಮರದಿಂದ ಮರಕ್ಕೆ ದಾಟುತ್ತ ಕೊನೆ, ಅಂದರೆ ಅಡಿಕೆ ಗೊಂಚಲು, ಇಳಿಸುವ ಕೊನೆಗೌಡನನ್ನೋ ಕಂಡಾಗ, ಇದು ಎಲ್ಲಿಗೆ ಹೋಗಿ ಏನಾಗುತ್ತದೆ ಎಂಬುದು ನಿಮಗೆ ಗೊತ್ತಿರುತ್ತದೆ.

ಮಧ್ಯಾಹ್ನದ ಮೇಲೆ ಮಾರಿಕಾಂಬಾ ಗುಡಿಗೆ ಹೋಗಿ. ಇದು 17ನೆಯ ಶತಮಾನದ ಕೊನೆಯ ಭಾಗದ್ದು. ದೇವಿಯ ಎತ್ತರದ ಮೂರ್ತಿ ಮರದ್ದು. ಗೋಡೆಗಳ ಮೇಲಿನ ಕಾವಿ ಚಿತ್ತಾರವನ್ನು ಅವಸರದಲ್ಲಿ ದಾಟಿ ಹೋಗಬೇಡಿ. ಸುಣ್ಣದ ಬಿಳಿಯ ಮೇಲೆ ಕೆಮ್ಮಣ್ಣಿನ ಬಣ್ಣದಲ್ಲಿ ಕೆತ್ತಿ ಮೂಡಿಸುವ ಈ ಕಲೆ ಕರಾವಳಿಯಲ್ಲೂ ಘಟ್ಟದಲ್ಲೂ ಉಳಿದಿರುವುದು ಕೆಲವೇ ಕಡೆ. ಪೇಟೆಯ ಅಂಚಿನಲ್ಲೇ ಇರುವ ಶಂಕರಹೊಂಡವನ್ನೂ ನೋಡಿ ಬನ್ನಿ. ಅಘನಾಶಿನಿ ಹುಟ್ಟುವುದು ಅಲ್ಲಿಯೇ ಎಂದು ಜನ ನಂಬುತ್ತಾರೆ. ಎರಡು ದಿನ ಬಿಟ್ಟು ಅದೇ ನೀರು ಉಂಚಳ್ಳಿಯಲ್ಲಿ ಧುಮ್ಮಿಕ್ಕುವುದನ್ನು ನೋಡುವಾಗ ಈ ಪುಟ್ಟ ಹೊಂಡ ನೆನಪಾಗುತ್ತದೆ.

ಇನ್ನು ಬಸ್ಸಿನ ವಿಚಾರ. ಪೇಟೆಯನ್ನು ನೆಲೆಯಾಗಿ ಮಾಡಿಕೊಳ್ಳುವವರು ಇದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಬೇಕು. ಇಲ್ಲಿಯ ಗ್ರಾಮಾಂತರ ಬಸ್ಸುಗಳ ವೇಳಾಪಟ್ಟಿ ಹಳ್ಳಿಯವರ ಅನುಕೂಲಕ್ಕೆ ರೂಪುಗೊಂಡದ್ದೇ ಹೊರತು ಪ್ರವಾಸಿಗರಿಗಾಗಿ ಅಲ್ಲ. ವಸ್ತಿ ಬಸ್ಸು ರಾತ್ರಿ ಹಳ್ಳಿಯಲ್ಲೇ ತಂಗಿ, ಬೆಳಿಗ್ಗೆ ಅಲ್ಲಿಯ ವಿದ್ಯಾರ್ಥಿಗಳನ್ನೂ ಕೆಲಸಕ್ಕೆ ಬರುವವರನ್ನೂ ಪೇಟೆಗೆ ತರುತ್ತದೆ, ಸಂಜೆ ಅವರನ್ನು ಮರಳಿ ಮುಟ್ಟಿಸುತ್ತದೆ. ನೀವು ಹೋಗುವುದು ಇದಕ್ಕೆ ಎದುರು ದಿಕ್ಕಿನಲ್ಲಿ. ಆದ್ದರಿಂದ ಬೆಳಿಗ್ಗೆ ಪೇಟೆಯಿಂದ ಹೊರಡುವ ಬಸ್ಸುಗಳೂ ಸಂಜೆ ಹಳ್ಳಿಯಿಂದ ಮರಳುವ ಬಸ್ಸುಗಳೂ ನೀವು ಎಣಿಸಿದ್ದಕ್ಕಿಂತ ಕಡಿಮೆ ಇರುತ್ತವೆ. ಹಲವು ವರ್ಷಗಳ ಹಿಂದೆ ನಾನು ಸಿದ್ದಾಪುರ ತಾಲ್ಲೂಕಿನ ಹಳ್ಳಿಯೊಂದಕ್ಕೆ ಭಾನುವಾರ ಮಧ್ಯಾಹ್ನದ ಬಸ್ಸಿನಲ್ಲಿ ಹೋಗಿದ್ದೆ. ಶಾಲೆಗೆ ರಜೆಯಿದ್ದ ದಿನ ಸಂಜೆಯ ಬಸ್ಸು ಆ ದಾರಿಯಲ್ಲಿ ಬರುವುದಿಲ್ಲವೆಂಬುದು ಗೊತ್ತಾದದ್ದು ಕತ್ತಲಾದ ಮೇಲೆ. ಮುಖ್ಯ ರಸ್ತೆಯ ಕಡೆ ನಡೆಯತೊಡಗಿದ ನನ್ನನ್ನು ತೋಟದ ಮನೆಯೊಂದರ ಯಜಮಾನರು ಕರೆದು ಕೂರಿಸಿ, ಊಟ ಹಾಕಿ, ಆಮೇಲೆ ತಮ್ಮ ಸ್ಕೂಟರಿನಲ್ಲಿ ಮುಖ್ಯ ರಸ್ತೆಯವರೆಗೆ ಬಿಟ್ಟರು. ಅಂದಿನಿಂದ ಹಳ್ಳಿಯಲ್ಲಿ ಇಳಿಯುವ ಮೊದಲೇ ಕಂಡಕ್ಟರರನ್ನು ಕೇಳುವುದು ನನ್ನ ಅಭ್ಯಾಸ: ‘ಮರಳಿ ಹೋಗಲು ಕೊನೆಯ ಬಸ್ಸು ಯಾವುದು, ಅದು ಇವತ್ತು ಬರುತ್ತದೆಯೇ?’ ಬನವಾಸಿ, ಸಿದ್ದಾಪುರ, ಯಲ್ಲಾಪುರ ದಾರಿಗಳಲ್ಲಿ ಬಸ್ಸಿಗೆ ಕೊರತೆಯಿಲ್ಲ. ಯಾಣ ಮತ್ತು ಉಂಚಳ್ಳಿಗೆ ಮಾತ್ರ ಬಸ್ಸನ್ನು ನೆಚ್ಚಿಕೊಳ್ಳದೆ ದಿನದ ಬಾಡಿಗೆಗೆ ಕಾರು ಮಾಡಿಕೊಳ್ಳುವುದೇ ಜಾಣತನ, ಮೂರು ನಾಲ್ಕು ಮಂದಿ ಹಂಚಿಕೊಂಡರೆ ಅದು ಭಾರವಾಗುವುದಿಲ್ಲ.

ಎರಡನೆಯ ದಿನವನ್ನು ಪೂರ್ತಿಯಾಗಿ ಬನವಾಸಿಗೆ ಇಡಿ. ಶಿರಸಿಯಿಂದ ಸುಮಾರು 23 ಕಿ.ಮೀ. ದೂರದ ಈ ದಾರಿಯಲ್ಲಿ ದಟ್ಟ ಕಾಡು ಹಿಂದೆ ಸರಿದು, ಭತ್ತದ ಗದ್ದೆಗಳೂ ಅನಾನಸಿನ ಹೊಲಗಳೂ ತೆರೆದುಕೊಳ್ಳುತ್ತವೆ. ಮಲೆನಾಡು ಬಯಲಿಗೆ ಜಾರುವ ಆ ತಿರುವನ್ನು ಬಸ್ಸಿನ ಕಿಟಕಿಯಿಂದಲೇ ಗುರುತಿಸಬಹುದು. ವರದಾ ನದಿ ಮೂರು ದಿಕ್ಕಿನಿಂದ ಬಳಸಿಕೊಂಡಿರುವ ಈ ಊರು 4ನೆಯ ಶತಮಾನದಲ್ಲಿ ಕದಂಬರ ರಾಜಧಾನಿಯಾಗಿತ್ತು. ಮಯೂರವರ್ಮನಿಂದ ಆರಂಭವಾದ ಆ ವಂಶಕ್ಕೂ ಮೊದಲೇ ಇಲ್ಲಿ ಚುಟು ಅರಸರ ಆಳ್ವಿಕೆಯಿತ್ತು, ಮತ್ತು ಆ ಕಾಲದ ಪ್ರಾಕೃತ ಬರಹವಿರುವ ಐದು ಹೆಡೆಯ ನಾಗಶಿಲ್ಪವೊಂದು ಮಧುಕೇಶ್ವರ ದೇವಾಲಯದ ಆವರಣದಲ್ಲೇ ಇದೆ. ಬಹುತೇಕ ಜನರು ಅದನ್ನು ಗಮನಿಸದೆ ಹೋಗುತ್ತಾರೆ, ನೀವು ಕೇಳಿ ನೋಡಿ. ದೇವಾಲಯವು ಒಂದೇ ಕಾಲದ ಕಟ್ಟಡವಲ್ಲ. ಕದಂಬರಿಂದ ಮೊದಲ್ಗೊಂಡು ಸೋದೆಯ (ಇಂದಿನ ಸೋಂದಾ) ಅರಸರವರೆಗೆ ಒಬ್ಬರಾದ ಮೇಲೊಬ್ಬರು ಸೇರಿಸುತ್ತ ಬಂದದ್ದು. ಒಳಗಿನ ಸರಳ ಗೋಡೆಗಳಿಂದ ಹೊರಗಿನ ಮಿರುಗುವ ಕಂಬಗಳವರೆಗೆ ನಡೆದು ಬಂದರೆ ಶತಮಾನಗಳ ರುಚಿ ಬದಲಾದದ್ದು ಕಾಣುತ್ತದೆ. ಕಲ್ಲಿನ ಮಂಚವನ್ನೂ ತ್ರಿಲೋಕ ಮಂಟಪವನ್ನೂ ನೋಡಲು ಬೆಳಕು ಓರೆಯಾಗಿ ಬೀಳುವ ಬೆಳಗಿನ ಹೊತ್ತು ಚೆನ್ನು. ನಂದಿಯ ಒಂದು ಕಣ್ಣು ಮಧುಕೇಶ್ವರನ ಮೇಲೆ, ಇನ್ನೊಂದು ಪಕ್ಕದ ಗುಡಿಯ ಪಾರ್ವತಿಯ ಮೇಲೆ ಎಂದು ಅರ್ಚಕರು ತೋರಿಸುತ್ತಾರೆ. ಅದಾದ ಮೇಲೆ ರಥಬೀದಿಯಲ್ಲಿ ನಿಧಾನವಾಗಿ ನಡೆದು ನದಿಯ ದಂಡೆಗೆ ಇಳಿಯಿರಿ. ವಾಹನವಿದ್ದವರು ಜುಲೈನಿಂದ ನವೆಂಬರ್‌ವರೆಗಿನ ತಿಂಗಳುಗಳಲ್ಲಿ ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮವನ್ನೂ ಇದೇ ದಿನ ಸೇರಿಸಿಕೊಳ್ಳಬಹುದು.

ಮೂರನೆಯ ದಿನ ಯಲ್ಲಾಪುರ ದಿಕ್ಕಿಗೆ ಹೊರಡಿ. ಸುಮಾರು 15 ಕಿ.ಮೀ. ದೂರದಲ್ಲಿ ಶಾಲ್ಮಲಾ ನದಿಯ ಪಾತ್ರದ ಬಂಡೆಗಳ ಮೇಲೆಲ್ಲ ಲಿಂಗಗಳನ್ನೂ ನಂದಿಗಳನ್ನೂ ಕೆತ್ತಿರುವ ಸಹಸ್ರಲಿಂಗವಿದೆ. 1678ರಿಂದ 1718ರವರೆಗೆ ಆಳಿದ ಸೋದೆಯ ಸದಾಶಿವರಾಯ ಇವನ್ನು ಮಾಡಿಸಿದನೆಂದು ಹೇಳುತ್ತಾರೆ. ನದಿ ತುಂಬಿದಾಗ ಲಿಂಗಗಳು ಮುಳುಗಿರುತ್ತವೆಯಾದ್ದರಿಂದ ನವೆಂಬರ್ ನಂತರವೇ ಬರಬೇಕು. ಶಿವರಾತ್ರಿಯಂದು ಕಾಲಿಡಲೂ ಜಾಗವಿರದು. ನೀರು ಕಡಿಮೆ ಕಂಡರೂ ಬಂಡೆಗಳ ಮೇಲಿನ ಪಾಚಿ ಬಹಳ ಜಾರುತ್ತದೆ, ಮಡುವಿನ ಆಳ ಹೊರಗಿನಿಂದ ತಿಳಿಯುವುದಿಲ್ಲ, ಈಜಲು ಇಳಿಯಲೇಬೇಡಿ. ಲಿಂಗಗಳ ಮೇಲೆ ಚಪ್ಪಲಿ ಕಾಲಿಟ್ಟು ಚಿತ್ರ ತೆಗೆಸಿಕೊಳ್ಳುವವರನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ. ಅವು ಇಂದಿಗೂ ಪೂಜೆಗೊಳ್ಳುವ ಲಿಂಗಗಳು.

ಅಲ್ಲಿಂದ ಸೋಂದಾ ದೂರವಿಲ್ಲ. ಸೋಂದಾ, ಸೋದೆ, ಸ್ವಾದಿ ಎಂಬ ಮೂರೂ ಒಂದೇ ನೆಲದ ಹೆಸರುಗಳು. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಸೋದೆ ಮಠ, ವಾದಿರಾಜರ ವೃಂದಾವನ, ತ್ರಿವಿಕ್ರಮ ದೇವಾಲಯ, ಧವಳಗಂಗೆ ಎಂಬ ಕೊಳ ಒಂದು ಕಡೆ. ಅದ್ವೈತ ಪರಂಪರೆಯ ಸ್ವರ್ಣವಲ್ಲೀ ಮಠ ಇನ್ನೊಂದು ಕಡೆ. ಸ್ವಾದಿ ಜೈನ ಮಠ ಮತ್ತೊಂದು ಕಡೆ. ಮೂರು ಬೇರೆ ಬೇರೆ ಮತಗಳ ಪೀಠಗಳು ಕೆಲವೇ ಕಿಲೋಮೀಟರುಗಳ ಅಂತರದಲ್ಲಿ, ಒಂದೇ ಕಾಡಿನ ನೆರಳಿನಲ್ಲಿ ಶತಮಾನಗಳಿಂದ ಇರುವುದನ್ನು ಒಂದೇ ದಿನದಲ್ಲಿ ನಡೆದು ನೋಡಬಹುದಾದ ಜಾಗಗಳು ನಾಡಿನಲ್ಲಿ ಹೆಚ್ಚಿಲ್ಲ. ಮಠಗಳಲ್ಲಿ ಮಧ್ಯಾಹ್ನ ಪ್ರಸಾದದ ಊಟವಿರುತ್ತದೆಯೇ ಎಂದು ಬೆಳಿಗ್ಗೆಯೇ ತಿಳಿಸಿ ಕೇಳುವುದು ಮರ್ಯಾದೆ. ಮಳೆಗಾಲದಲ್ಲಿ ಬಂದವರು ಮುಂಡಿಗೆಕೆರೆಯಲ್ಲಿ ಮುಂಡಿಗೆ ಪೊದೆಗಳ ಮೇಲೆ ಗೂಡು ಕಟ್ಟುವ ಬೆಳ್ಳಕ್ಕಿಗಳನ್ನು ನೋಡದೆ ಹೋಗಬೇಡಿ.

ನಾಲ್ಕನೆಯ ದಿನ ಯಾಣವೋ ಉಂಚಳ್ಳಿಯೋ ಎಂಬುದನ್ನು ಆರಿಸಿಕೊಳ್ಳಿ, ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಯಾಣ ಸುಮಾರು 40 ಕಿ.ಮೀ. ದೂರದಲ್ಲಿ, ಕುಮಟಾ ತಾಲ್ಲೂಕಿನಲ್ಲಿದೆ. ಕಾಡಿನ ನಡುವೆ ಕಪ್ಪಾಗಿ ಎದ್ದು ನಿಂತ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರವಿವೆ. ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಎಂಬ ಗಾದೆ ಇಡೀ ಹಾದಿಯನ್ನು ಕಾಡಿನಲ್ಲಿ ನಡೆದೇ ಹೋಗಬೇಕಾಗಿದ್ದ ಕಾಲದ್ದು. ಈಗ ರಸ್ತೆಯಾಗಿ ದಾರಿ ಸುಲಭವಾಗಿದೆ. ಉಂಚಳ್ಳಿ ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಆಚೆಗಿದ್ದು, ಶಿರಸಿಯಿಂದ ಸುಮಾರು 35 ಕಿ.ಮೀ. ಅಘನಾಶಿನಿ ಇಲ್ಲಿ 116 ಮೀಟರ್ ಆಳಕ್ಕೆ ಬೀಳುತ್ತದೆ. ಕಿವಿ ಕೆಪ್ಪಾಗಿಸುವ ಅದರ ಸದ್ದಿಗೆ ಸ್ಥಳೀಯರು ಇಟ್ಟ ಹೆಸರು ಕೆಪ್ಪಜೋಗ. ಎರಡರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಉಂಚಳ್ಳಿಯನ್ನು, ಅದರಲ್ಲೂ ಅಕ್ಟೋಬರಿನ ಉಂಚಳ್ಳಿಯನ್ನು ಆರಿಸುತ್ತೇನೆ. ಜೋಗಕ್ಕೆ ಸಿದ್ದಾಪುರದ ಮೇಲೆ ಸುಮಾರು 60 ಕಿ.ಮೀ. ಅದಕ್ಕೆ ಮತ್ತೊಂದು ದಿನ ಇದ್ದರೆ ಮಾತ್ರ ಹೋಗಿ.

ಈ ದಾರಿಗಳಲ್ಲೆಲ್ಲ ಕಣಿವೆಯ ತಳದಲ್ಲಿ ಅಡಿಕೆ ತೋಟ, ಅದರ ಮೇಲೆ ಗದ್ದೆ ಮತ್ತು ಮನೆ, ಅದರ ಮೇಲೆ ಟೊಂಗೆ ಕಡಿದು ಮೋಟಾದ ಮರಗಳಿರುವ ಗುಡ್ಡ ಕಾಣುತ್ತದೆ. ಆ ಗುಡ್ಡವೇ ಸೊಪ್ಪಿನ ಬೆಟ್ಟ. ತೋಟಕ್ಕೆ ಬೇಕಾದ ಸೊಪ್ಪು, ದರಕುಗಳನ್ನು (ಉದುರಿದ ಒಣ ಎಲೆಗಳನ್ನು) ಒದಗಿಸಲೆಂದು ಬ್ರಿಟಿಷರ ಕಾಲದಿಂದ ಬೆಳೆಗಾರರಿಗೆ ಬಿಟ್ಟ ಅರಣ್ಯಭೂಮಿ ಅದು. ಕಾಡಿಲ್ಲದೆ ತೋಟವಿಲ್ಲ ಎಂಬ ಈ ಅರಿವು ಇಲ್ಲಿಯವರಲ್ಲಿ ಎಷ್ಟು ಆಳವಾಗಿತ್ತೆಂದರೆ, 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನರು ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹೀಗೆ. ತೋಟದೊಳಗೆ ಕಾಲಿಡುವ ಮೊದಲು ಮನೆಯವರನ್ನು ಕೇಳಿ. ಬಿದ್ದ ಅಡಿಕೆಯನ್ನಾಗಲಿ ಬಳ್ಳಿಯ ಮೆಣಸನ್ನಾಗಲಿ ಮುಟ್ಟಬೇಡಿ. ತೋಟದ ಕಾಲುವೆಯ ನೀರೇ ಕೆಳಗಿನ ಮನೆಯ ಕುಡಿಯುವ ನೀರಾಗಿರಬಹುದಾದ್ದರಿಂದ ಅದರಲ್ಲಿ ಕಾಲು ತೊಳೆಯಬೇಡಿ. ಮನೆಗೆ ಕರೆದರೆ ಮೊದಲ ಪ್ರಶ್ನೆ ‘ಆಸ್ರಿಗೆ ಎಂತ ಬೇಕು?’ ಎಂದಿರುತ್ತದೆ. ಕುಡಿಯಲು ಏನು ಕೊಡಲಿ ಎಂದು ಅದರ ಅರ್ಥ. ಬೇಡವೆನ್ನದೆ ಮಜ್ಜಿಗೆಯನ್ನೋ ಚಹಾವನ್ನೋ ಸ್ವೀಕರಿಸಿ. ಅದರ ಬೆನ್ನಿಗೆ ಕವಳದ, ಅಂದರೆ ಎಲೆ ಅಡಿಕೆಯ, ತಟ್ಟೆಯೂ ಬರುತ್ತದೆ.

ಆರೋಗ್ಯದ ವಿಷಯದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮಳೆಗಾಲದಲ್ಲಿ ಇಂಬಳಗಳು (ಜಿಗಣೆಗಳು) ಕಾಲಿಗೆ ಹತ್ತುತ್ತವೆ. ಅವನ್ನು ಎಳೆದು ಕೀಳದೆ ಉಪ್ಪನ್ನೋ ಸುಣ್ಣವನ್ನೋ ತಾಗಿಸಿದರೆ ತಾವೇ ಬಿಡುತ್ತವೆ. ಅವುಗಳಿಂದ ದೊಡ್ಡ ಅಪಾಯವಿಲ್ಲ. ನಿಜವಾಗಿ ಗಂಭೀರವಾದದ್ದು ಮಂಗನ ಕಾಯಿಲೆ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಈ ಜ್ವರ ಉಣ್ಣಿಗಳ ಕಡಿತದಿಂದ ಹರಡುತ್ತದೆ, ಮುಖ್ಯವಾಗಿ ಡಿಸೆಂಬರಿನಿಂದ ಮೇವರೆಗೆ ಕಾಣಿಸಿಕೊಳ್ಳುತ್ತದೆ. ಸಿದ್ದಾಪುರದ ಕಡೆಯ ಹಳ್ಳಿಗಳಲ್ಲಿ ಇದರ ಬಾಧೆ ಹೆಚ್ಚು. ಆ ತಿಂಗಳುಗಳಲ್ಲಿ ಕಾಡುದಾರಿಗೆ ಇಳಿಯುವ ಮೊದಲು ಸ್ಥಳೀಯರನ್ನು ವಿಚಾರಿಸಿ, ಮೈತುಂಬ ಬಟ್ಟೆ ತೊಟ್ಟು, ಉಣ್ಣಿಗಳನ್ನು ದೂರವಿಡಲು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಸವರಿಕೊಳ್ಳಿ. ದರಕಿನ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ, ಮರಳಿದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ತೊಳೆಯಿರಿ. ಪ್ರವಾಸದ ನಂತರ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರೆಂಬುದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಊಟವನ್ನು ಆದಷ್ಟು ಸಣ್ಣ ಖಾನಾವಳಿಗಳಲ್ಲಿ, ಹಳ್ಳಿಯ ಮನೆಗಳಲ್ಲಿ ಮಾಡಿ. ತಂಬುಳಿ, ಗೊಜ್ಜು, ಅನ್ನದ ಕೊನೆಗೆ ಲೋಟದಲ್ಲಿ ಕೊಡುವ ಅಪ್ಪೆಹುಳಿ ಇವು ಈ ಸೀಮೆಯ ರುಚಿಗಳು. ನದಿದಂಡೆಯ ಕಾಡುಮಾವಿನ ಮಿಡಿಯಾದ ಅಪ್ಪೆಮಿಡಿಯ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ, ಅದಕ್ಕೂ ಭೌಗೋಳಿಕ ಗುರುತಿದೆ. ಕೊನೆಯ ದಿನ ಬಸ್ಸಿಗೆ ಮೊದಲು ಒಂದೆರಡು ಗಂಟೆ ಬಿಡುವು ಇಟ್ಟುಕೊಂಡು ಪೇಟೆಯ ಅಂಗಡಿಗಳಿಗೆ ಹೋಗಿ: ಕಾಳುಮೆಣಸು, ಜೋನಿಬೆಲ್ಲ (ದ್ರವರೂಪದ ಬೆಲ್ಲ), ಹಲಸಿನ ಹಪ್ಪಳ, ಮುರುಗಲ (ಪುನರ್ಪುಳಿ) ಸಿಪ್ಪೆ ಎಲ್ಲವೂ ಬೆಳೆದವರ ಕೈಯಿಂದ ನೇರವಾಗಿ ಬಂದಿರುತ್ತವೆ. ತೊಡೆದೇವನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ ಕೊಂಡು, ಚೀಲದ ಮೇಲ್ಭಾಗದಲ್ಲಿ ಇಡಿ. ಬೋರಲು ಹಾಕಿದ ಕಾದ ಮಡಕೆಯ ಮೇಲೆ ಕಬ್ಬಿನ ಹಾಲು ಮತ್ತು ಅಕ್ಕಿಯ ಹಿಟ್ಟನ್ನು ತೆಳ್ಳಗೆ ಬಳಿದು ತೆಗೆದ ಆ ಹಾಳೆ ಸ್ವಲ್ಪ ಒತ್ತಿದರೂ ಪುಡಿಯಾಗುತ್ತದೆ. ಮನೆ ಮುಟ್ಟಿದ ಮೇಲೆ ತುಪ್ಪವನ್ನೋ ಹಾಲನ್ನೋ ಹಾಕಿಕೊಂಡು ತಿನ್ನಿ.